ಮಾವನ ವಂಶವೃಕ್ಷಕ್ಕೆ ನನ್ನ ಸ್ಕ್ಯಾನರ್

ನಾನು ಸ್ಕ್ಯಾನ್ ಮಾಡಲಾಗದಂಥ ಕಾಗದ ಈ ಭೂಮಂಡಲದಲ್ಲಿ ಇನ್ನೂ ತಯಾರಾಗಿಲ್ಲ! ಹೀಗೆಂದು ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ನಿಂತು, ಆಗಷ್ಟೇ ಕೊರಿಯರ್‌ನಲ್ಲಿ ಬಂದಿಳಿದಿದ್ದ ಕೈ ಸ್ಕ್ಯಾನರನ್ನು ಗದೆಯಂತೆ ಹೆಗಲಿಗೇರಿಸಿ ಘೋಷಿಸಿದೆ. ನೋಡಲು ಅಡಿಯುದ್ದದ ಕೋಲು, ಅಡಿಯಲ್ಲೊಂದು ಉರುಳೆ. ಕಾಗದದ ಮೇಲೆ ಎಳೆದುಕೊಂಡು ಹೋದರೆ ಸಾಕು, ಅದರಲ್ಲಿದ್ದುದೆಲ್ಲ ಫೋನಿಗೆ ಬಂದು ಬೀಳುತ್ತದೆ.

"ಚಪಾತಿ ಲಟ್ಟಿಸೋಕೆ ಚೆನ್ನಾಗೈತೆ," ಎಂದಳು ಹೆಂಡತಿ.

"ಲಟ್ಟಣಿಗೆ ಅಲ್ಲ ಕಣೇ, ಟೆಕ್ನಾಲಜಿ! ನಿಮ್ಮಪ್ಪನ ಬಾಯಲ್ಲಿ 'ಅಳಿಯಂದ್ರೇ' ಅನ್ನಿಸೋ ಟೆಕ್ನಾಲಜಿ!"

ನನ್ನ ಹೆಂಡತಿಯನ್ನು ನಾನು ಕರೆಯುವುದು ಲಕ್ಷ್ಮಿ ಎಂದು. ಪೂರ್ತಿ ಹೆಸರು ಸಿದ್ದಲಕ್ಷ್ಮಮ್ಮ. ನನ್ನ ಮಾವ, ಅಮೃತೂರಿನ ನಿವೃತ್ತ ಮೇಷ್ಟ್ರು ಗಂಗಹನುಮಯ್ಯನವರು, ತಮ್ಮ ಅಜ್ಜಿಯ ಹೆಸರನ್ನೇ ಮಗಳಿಗೆ ಇಟ್ಟಿದ್ದರು. ಮದುವೆಯ ಹೊಸತರಲ್ಲಿ ನಾನು ಮಾವನ ರೇಡಿಯೊ ರಿಪೇರಿಗೆ ಕೈಹಾಕಿ ಅದನ್ನು ಶಾಶ್ವತ ಮೌನವ್ರತಕ್ಕೆ ಕೂರಿಸಿದ್ದೆ. ಅಂದಿನಿಂದ ಅವರು ನನ್ನ ಜೊತೆ ನೇರವಾಗಿ ಮಾತಾಡಿದ್ದೇ ಇಲ್ಲ! ನಾನು ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ನಿಮ್ಮನೆಯವರಿಗೆ ಕಾಫಿ ಬೇಕಾ ಕೇಳು" ಎನ್ನುತ್ತಾರೆ.

ಅಂಥ ಮಾವ ವರ್ಷಗಟ್ಟಲೆ ಊರೂರು ಅಲೆದು, ನೆಂಟರನ್ನು ಕಾಡಿ ಬೇಡಿ, ಮುತ್ತಿನಂಥ ಅಕ್ಷರದಲ್ಲಿ ಮನೆತನದ ವಂಶವೃಕ್ಷ ಬರೆದಿದ್ದರು. ಶೀಟಿಗೆ ಶೀಟು ಅಂಟಿಸಿ ಅಂಟಿಸಿ ಅದು ಮಂಚದುದ್ದ ಬೆಳೆದಿತ್ತು, ಮಡಿಕೆಗಳಲ್ಲಿ ಹರಿಯತೊಡಗಿತ್ತು. ಜೆರಾಕ್ಸ್ ಅಂಗಡಿಯವನು, "ಇದಕ್ಕೆ ರೋಡ್ ರೋಲರೇ ಬೇಕು ಸಾರ್," ಎಂದು ಕೈಮುಗಿದಿದ್ದ. ಮೂಲಪುರುಷ ಚಿಕ್ಕಮಾರಯ್ಯ ಅಂದರೆ ಮಾವನ ತಾತ. ಅವರ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಈ ಮಹಾಲಯ ಅಮಾವಾಸ್ಯೆಗೆ ವಂಶವೃಕ್ಷವನ್ನೇ ಗೋಡೆಗೆ ತೂಗುಹಾಕಿ, ಅದರ ಮುಂದೆ ಹಿರಿಯರಿಗೆ ಎಡೆ ಇಡಬೇಕು ಎನ್ನುವುದು ಮಾವನ ಮಹದಾಸೆ.

"ಫ್ಲೆಕ್ಸ್ ಮಾಡಿಸ್ಕೊಂಡು ಬರೋದು ನನ್ನ ಜವಾಬ್ದಾರಿ!" ಎಂದು ಅಮೃತೂರಿಗೇ ಹೋಗಿ ಎದೆ ತಟ್ಟಿದೆ.

ಮಾವ ಮಗಳ ಕಡೆ ತಿರುಗಿ, ವಂಶವೃಕ್ಷವನ್ನು ಅವಳ ಕೈಗೇ ಕೊಟ್ಟರು. "ಹುಷಾರು ಅಂತ ಹೇಳು."

ಭಾನುವಾರ ಬೆಳಗ್ಗೆ ಕಾರ್ಯಾಚರಣೆ ಶುರು. ಕಾಗದ ಹಾರದಿರಲೆಂದು ಫ್ಯಾನ್ ಬಂದ್. ಮೂಲೆಗೊಂದರಂತೆ ಕುಕ್ಕರ್, ಕಡಾಯಿ, ಇಡ್ಲಿ ಪಾತ್ರೆ, ಇನ್ನೊಂದು ಮೂಲೆಗೆ ಗಣೇಶನ ಮಣೆ. ನಾನು ಬನಿಯನ್‌ನಲ್ಲಿ ಅಂಬೆಗಾಲಿಟ್ಟೆ. ಬೇಗ ಎಳೆದರೆ ಅಕ್ಷರಗಳೆಲ್ಲ ಒತ್ತಿಕೊಂಡು ಮುದ್ದೆಯಾಗುತ್ತಿದ್ದವು. ನಿಧಾನಕ್ಕೆ ಎಳೆದರೆ ಇಡೀ ವಂಶವೇ ಸ್ಕ್ಯಾನರ್ ಹಿಂದೆ ಹೊರಟುಬಿಡುತ್ತಿತ್ತು! ಅಷ್ಟರಲ್ಲಿ ಪಕ್ಕದ ಮನೆಯ ಕೋಮಲಾ ಕಿಟಕಿಯಲ್ಲಿ ಇಣುಕಿದಳು.

"ಆಂಟೀ, ಅಂಕಲ್ ನೆಲ ಒರೆಸ್ತಾವ್ರೆ! ನಮ್ಮನೆಯವ್ರಿಗೂ ಒಸಿ ಹೇಳ್ಕೊಡಕ್ಕೆ ಹೇಳಿ!"

"ಹಂಗೇ ಸೋಫಾ ಕೆಳಗೂ ಒಂದ್ಸಲ ಎಳೆದ್ಬಿಡ್ರೀ," ಎಂದಳು ನನ್ನವಳು.

ಇಂಥ ಅವಮಾನಗಳನ್ನೆಲ್ಲ ನುಂಗಿಕೊಂಡು ಮೇಲೊಂದು, ನಡುವೊಂದು, ಕೆಳಗೊಂದು ಎಂದು ಮೂರು ಪಟ್ಟಿ ಎಳೆದೆ. ಇನ್ನು ಅವನ್ನು ಜೋಡಿಸುವುದು ಫೋನಿನ ಆ್ಯಪ್‌ನ ಕೆಲಸ. ಒಂದೇ ಥರ ಕಾಣುವ ಜಾಗ ಹುಡುಕಿ, ಒಂದರ ಮೇಲೊಂದು ಕೂರಿಸಿ ತಾನೇ ಅಂಟಿಸುತ್ತದೆ. ನಡುವೆ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಅದನ್ನೆಲ್ಲ ಓದುವಷ್ಟು ಪುರುಸೊತ್ತು ಯಾರಿಗಿದೆ? ಓಕೆ ಒತ್ತಿದೆ. ಇರುವೆ ಸಾಲಿನಂಥ ಹೆಸರುಗಳು ಫೋನಿನಲ್ಲಿ ಅಚ್ಚುಕಟ್ಟಾಗಿ ಮೂಡಿದವು.

"ಪ್ರಿಂಟಿಗೆ ಕೊಡೋ ಮುಂಚೆ ಒಂದ್ಸಲ ಓದಿ ನೋಡ್ರೀ."

"ಮನುಷ್ಯ ತಪ್ಪು ಮಾಡ್ತಾನೆ ಕಣೇ, ಮಿಷನ್ ಮಾಡಲ್ಲ!"

ಅಮಾವಾಸ್ಯೆಯ ದಿನ ಫ್ಲೆಕ್ಸ್ ಸುರುಳಿಯನ್ನು ಹೊತ್ತು ಕುಣಿಗಲ್‌ನಲ್ಲಿ ಬಸ್ ಬದಲಿಸಿದೆವು. ಅಮೃತೂರಿನ ಪ್ರೈವೇಟ್ ಬಸ್ಸಿನಲ್ಲಿ ಆ ಸುರುಳಿ ಇಬ್ಬರ ಕನ್ನಡಕ ಬೀಳಿಸಿತು, ಕಂಡಕ್ಟರನ ಸೀಟಿಯನ್ನೂ ಕಿತ್ತುಕೊಂಡಿತು. ಮಾವನ ಮನೆ ಸೇರಿದ್ದೇ ಗೋಡೆಗೆ ಫ್ಲೆಕ್ಸ್ ಕಟ್ಟಿ, ಅನಾವರಣದ ಗಮ್ಮತ್ತಿಗೆಂದು ಮೇಲೊಂದು ಸೀರೆ ಇಳಿಬಿಟ್ಟೆ. ಅದರ ಮುಂದೆ ಎಡೆ ಬಂತು. ಒಬ್ಬಟ್ಟು, ಕಡುಬು, ವಡೆ, ಚಿಕ್ಕಮಾರಯ್ಯನವರಿಗೆ ಪ್ರಿಯವೆಂದು ಒಂದು ಕಟ್ಟು ಬೀಡಿ, ಒಂದು ಡಬ್ಬಿ ನಶ್ಯ! ಮಂಗಳಾರತಿ ಎತ್ತಿದರು. ನೆಂಟರೆಲ್ಲ ಕೈಮುಗಿದರು. ನಾನು ಮಾವನತ್ತ ಓರೆಗಣ್ಣಿಟ್ಟುಕೊಂಡೇ ಸೀರೆ ಎಳೆದೆ.

ಮಾವನ ಅಕ್ಕ ಸುಬ್ಬಲಕ್ಷ್ಮಮ್ಮ ಕನ್ನಡಕ ಏರಿಸಿಕೊಂಡು ಜೋರಾಗಿ ಓದಿದರು. "ಮೂಲಪುರುಷ... ಗೋವಿಂದರಾಜು. ಧರ್ಮಪತ್ನಿ ಸಿದ್ದಲಕ್ಷ್ಮಮ್ಮ."

ಗೋವಿಂದರಾಜು ಎಂದರೆ ನಾನು!

"ಗೋವಿಂದರಾಜು ನಮ್ಮ ತುಮಕೂರು ಅಳಿಯ ಅಲ್ವೇನ್ಲಾ? ಅಯ್ಯೋ ಶಿವನೇ, ಯಾವಾಗ್ ಹೋದ?"

"ಇಲ್ಲೇ ಇದೀನಿ ಅತ್ತೆ," ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರ ಕೈ ಫ್ಲೆಕ್ಸಿನ ಕಡೆಗೇ ಮುಗಿದಿತ್ತು.

ಆಗಿದ್ದು ಇಷ್ಟೆ. ಮೇಲಿನ ಪಟ್ಟಿಯಲ್ಲಿ ಚಿಕ್ಕಮಾರಯ್ಯನವರ ಪಕ್ಕ ಅವರ ಹೆಂಡತಿ ಸಿದ್ದಲಕ್ಷ್ಮಮ್ಮ. ಕೆಳಗಿನ ಪಟ್ಟಿಯಲ್ಲಿ ನನ್ನ ಪಕ್ಕ ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮ. ಅದೇ ಹೆಸರು, ಅದೇ ಮೇಷ್ಟ್ರ ಅದೇ ಅಕ್ಷರ. ಆ್ಯಪ್ ಇಬ್ಬರನ್ನೂ ಒಬ್ಬರೇ ಎಂದುಕೊಂಡು ಮೊಮ್ಮಗನ ಮಗಳನ್ನು ಮುತ್ತಜ್ಜಿಯ ಮೇಲೆ ಅಂಟಿಸಿತ್ತು, ನನ್ನನ್ನು ಚಿಕ್ಕಮಾರಯ್ಯನವರ ಮೇಲೆ ಕೂರಿಸಿತ್ತು, ನಡುವಿನ ಪಟ್ಟಿ ಬೇಡವೆಂದು ಎಸೆದಿತ್ತು! ಎಸೆಯಲೇ ಎಂದು ಕೇಳಿದ್ದಕ್ಕೆ ಓಕೆ ಒತ್ತಿದ ಮಹಾನುಭಾವ ನಾನೇ.

ಮಾವ ಮುಂದೆ ಬಂದರು. ಬೆರಳಿಟ್ಟು ಮೇಲಿಂದ ಕೆಳಕ್ಕೆ ಹುಡುಕಿದರು. ಮತ್ತೆ ಕೆಳಗಿಂದ ಮೇಲಕ್ಕೆ ಹುಡುಕಿದರು. "ನಮ್ಮಪ್ಪ ಇಲ್ಲ. ಅಕ್ಕ ಇಲ್ಲ," ಎಂದರು ಮೆಲ್ಲಗೆ. "ನಾನೂ ಇಲ್ಲ."

ಅಷ್ಟು ವರ್ಷ ಅಲೆದು ಬರೆದ ಮನುಷ್ಯನನ್ನೇ ನಾನು ಅಳಿಸಿಬಿಟ್ಟಿದ್ದೆ. ಎಳೆದಿದ್ದ ಸೀರೆಯನ್ನೇ ಮತ್ತೆ ಫ್ಲೆಕ್ಸಿಗೆ ಹೊದಿಸಲು ತಡಕಾಡಿದೆ.

ಲಕ್ಷ್ಮಿ ಸದ್ದಿಲ್ಲದೆ ತನ್ನ ಬ್ಯಾಗ್ ತೆರೆದಳು. ಒಳಗಿಂದ ಹಳೆಯ ಪಂಚೆಯಲ್ಲಿ ಸುತ್ತಿದ್ದ ಮೂಲ ವಂಶವೃಕ್ಷವೇ ಹೊರಬಂತು!

"ಇವ್ರ ಕೆಲಸ ನಂಗೊತ್ತಿಲ್ವೇನಪ್ಪಾ? ಅದಕ್ಕೇ ಹಿಂದೆಲ್ಲ ಬಟ್ಟೆ ಅಂಟಿಸಿ ತಂದೀನಿ. ಇನ್ನು ಹರಿಯಲ್ಲ."

ಮಾವ ಅದನ್ನು ಬಿಡಿಸಿ, ತಮ್ಮ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಫ್ಲೆಕ್ಸ್ ನೋಡಿದರು, ನನ್ನನ್ನು ನೋಡಿದರು, ಬೀಡಿ ಕಟ್ಟು ನೋಡಿದರು. ನಕ್ಕರು ನೋಡಿ, ಹೆಗಲ ಮೇಲಿನ ಟವೆಲ್ ಜಾರಿ ಬೀಳುವಂತೆ! ಇಡೀ ಮನೆಯೇ ಗೊಳ್ಳೆಂದಿತು. ಮೂಲ ವಂಶವೃಕ್ಷ ಗೋಡೆಗೇರಿತು, ಎಡೆಯನ್ನು ಎತ್ತಿ ಕಾಗೆಗೆಂದು ಮಾಳಿಗೆಯ ಮೇಲಿಟ್ಟು ಬಂದರು.

ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಪಂಕ್ತಿಯಲ್ಲಿ ಕೂತೆ. ಎಲ್ಲರ ಮುಂದೆ ಬಾಳೆಲೆ ಬಿತ್ತು, ನನ್ನ ಮುಂದೆ ಬೀಳಲಿಲ್ಲ. ಒಬ್ಬಟ್ಟಿನ ಪಾತ್ರೆ ನನ್ನನ್ನು ದಾಟಿಕೊಂಡು ಹೋಯಿತು. ಲಕ್ಷ್ಮಿಯ ಕಡೆ ನೋಡಿದರೆ, ಅವಳು ಸೆರಗು ಬಾಯಿಗಿಟ್ಟುಕೊಂಡು ಅಪ್ಪನ ಕಡೆ ಕೈ ತೋರಿಸಿದಳು.

ಮಾವ ಬಂದರು. ಮಗಳ ಕಡೆ ತಿರುಗಲಿಲ್ಲ! ನನ್ನೆದುರೇ ಬಗ್ಗಿ, ಕೈಮುಗಿದು, ಮದುವೆಯಾದಾಗಿನಿಂದ ಮೊಟ್ಟಮೊದಲ ಬಾರಿಗೆ ನನ್ನನ್ನೇ ನೇರವಾಗಿ ಮಾತಾಡಿಸಿದರು.

"ತಾತಾ, ನೀವಿಲ್ಲಿ ಕೂರಂಗಿಲ್ಲ. ನಿಮ್ಮೆಡೆ ಮಾಳಿಗೆ ಮೇಲೈತೆ. ಕಾಗೆ ಏನಾರ ಬಿಟ್ಟಿದ್ರೆ ಹತ್ತಿ ಹೋಗಿ ಉಣ್ಣಿ!"