ಟೇಪು ಸುತ್ತಿದ ಪುಸ್ತಕದ ಪೆಟ್ಟಿಗೆ

ತುಗ್ಗಲಿಹಾಳು, ಕೂಡ್ಲಿಗಿ ತಾಲ್ಲೂಕು
ಅಕ್ಟೋಬರ್ 2001

ಬಸ್ ಸ್ಟ್ಯಾಂಡಿನ ಗೋಡೆಯ ಈ ಕಾಗದ ಓದುತ್ತಿರುವವರೇ, ಮೊದಲು ಬಾಯಾಗಿನ ಎಲೆಅಡಿಕೆ ಆಚೆ ಉಗುಳಿ ಬರ್ರಿ. ಎರಡನೇ ಈಯತ್ತೆ ಓದಿದ ಮುದುಕಿ ಮೂರು ದಿನ ಕೂತು ಬರೆದದ್ದು ಇದು. ಎರಡು ತಿಂಗಳಿಂದ ಇಲ್ಲೇ ಪಕ್ಕದ ಆ ಪುಸ್ತಕದ ಪೆಟ್ಟಿಗೆ ನೋಡ್ಕೋತ ಬಸ್ ಹತ್ತಿದವರು ನೀವೂ ಹೌದು, ನಿಮ್ಮನ್ನ ಆಮೇಲೆ ವಿಚಾರಿಸ್ತೀನಿ.

ಮಾನ್ಯ ಪಂಚಾಯ್ತಿ ಕಾರ್ಯದರ್ಶಿ ಪ್ರವೀಣಕುಮಾರ್ ಸಾಹೇಬರೇ, ತಮಗೂ ತಮ್ಮ ಕುರ್ಚಿಯ ನಾಲ್ಕು ಕಾಲಿಗೂ ಶರಣು.

ಕೊಟ್ರಬಸಮ್ಮ ಹಿಟ್ಟಿನ ಪೆಟ್ಟಿಗೆ ಕೊಟ್ಟಳು, ಬಡಿಗೇರ ಹುಲುಗಪ್ಪ ಮುರಿದ ಬಂಡಿಯ ಹಲಗೆಯಿಂದ ಬಾಗಿಲು ಮಾಡಿದ, ಊರವರು ಮನೆಗೊಂದರಂತೆ ಪುಸ್ತಕ ತುಂಬಿದರು, ಮಕ್ಕಳು ಕೆಮ್ಮಣ್ಣು, ಸುಣ್ಣ, ಹಂಚಿನ ಮಸಿ ಕಲಸಿ ಅದರ ಮೇಲೆ ನಮ್ಮ ಗುಡ್ಡದ ಕರಡಿ ಪುಸ್ತಕ ಓದುವ ಚಿತ್ರ ಬರೆದರು. ಬೇಕಾದವರು ಒಯ್ದು ಓದಿ ತಂದಿಡುವುದು, ಅಷ್ಟೇ. ಇಷ್ಟು ಮಾಡಿದ ಮೇಲೆ ದೊಡ್ಡವರಿಗೊಂದು ಮಾತು ಹೇಳಬೇಕಲ್ಲ ಅಂತ ತಮ್ಮ ಕಿವಿಗೆ ಹಾಕಿದ್ದೇ ನಾವು ಮಾಡಿದ ತಪ್ಪು.

ತಾವಾದರೂ ಎಂಥ ಮುತುವರ್ಜಿಯವರು! ಉದ್ಘಾಟನೆ ಆಗದೆ ಯಾರೂ ಮುಟ್ಟೋ ಹಂಗಿಲ್ಲ ಅಂತ ಪೆಟ್ಟಿಗೆಗೆ ಗುಲಾಬಿ ಟೇಪು ಸುತ್ತಿಸಿದಿರಿ, ಕರಡಿಯ ಮೇಲೆ ಬಿಳಿ ಡಿಸ್ಟೆಂಪರ್ ಬಳಿಸಿ ಬರಬೇಕಾದ ಅತಿಥಿಗಳ ಹೆಸರು ಬರೆಸಿದಿರಿ. ಅತಿಥಿಗಳು ಇನ್ನೂ ಬರ್ತಾನೇ ಅದಾರ. ಇಲಿ ಮಾತ್ರ ಉದ್ಘಾಟನೆಗೆ ಕಾಯದೆ ಹಿಂದಿನ ಸಂದಿಯಿಂದ ನುಗ್ಗಿ ಮೂರು ಕಥೆ ಮುಗಿಸೈತಿ. ಅದಕ್ಕೊಂದು ಶಾಲು ಹೊದಿಸಬೇಕು. ಹಾಗೆಯೇ, ತಮಗಿಂತ ನಿಷ್ಠೆಯಿಂದ ದಿನವಿಡೀ ಕೆಲಸದ ಜಾಗದಲ್ಲೇ ಇರುವ ಆ ಟೇಪನ್ನು ಕಾರ್ಯದರ್ಶಿ ಮಾಡಿ, ಫ್ಯಾನು, ಜವಾನನ ಸಮೇತ ತಮ್ಮ ಕುರ್ಚಿ ಬಿಟ್ಟುಕೊಡಬೇಕೆಂದು ಕೋರುತ್ತೇನೆ.

ದೀಪಾವಳಿ ಮುಗಿದ ಕೂಡಲೇ ನಮ್ಮೂರಿನ ಅರ್ಧ ಮಂದಿ ಕಾಫಿಹಣ್ಣು ಬಿಡಿಸಲು ಘಟ್ಟಕ್ಕೆ ಗುಳೆ ಹೋಗುತ್ತಾರೆ, ಮಕ್ಕಳನ್ನೂ ಕಟ್ಟಿಕೊಂಡು. ಶಾಲೆ ಲಾರಿ ಹತ್ತೋದಿಲ್ಲ, ಪುಸ್ತಕ ಹತ್ತುತ್ತದೆ. ಪೆಟ್ಟಿಗೆ ಮಾಡಿದ್ದೇ ಅದಕ್ಕೆ. ಹೋದ ವರ್ಷ ಮೂರು ತಿಂಗಳ ಮೇಲೆ ತಿರುಗಿ ಬಂದ ನನ್ನ ಮೊಮ್ಮಗಳು ಮಾಲಾ ತನ್ನ ಹೆಸರು ಬರೆಯಲು ಬಳಪ ಹಿಡಿದು ನನ್ನ ಮುಖ ನೋಡಿದಳು. ಈ ಸಲವೂ ಟೇಪು ಬಿಚ್ಚದಿದ್ದರೆ, ತಾವೇ ಪೆಟ್ಟಿಗೆ ಹೊತ್ತು ಲಾರಿ ಹಿಂದೆ ಘಟ್ಟ ಹತ್ತಬೇಕಾಗಿ ವಿನಂತಿ.

ತಮ್ಮ ಕತ್ತರಿಯ ಮೇಲೆ ಇನ್ನೂ ವಿಶ್ವಾಸ ಇಟ್ಟಿರುವ,
ಗಾದೆಮ್ಮ

ಮರೆತ ಮಾತು: ಡಿಸ್ಟೆಂಪರ್ ಉದುರಿ, ಅತಿಥಿಗಳ ಹೆಸರಿನ ನಡುವೆ ಕರಡಿಯ ಮೂತಿ ಹೊರಗೆ ಬಂದೈತಿ. ಟೇಪು ಕೊಯ್ಯಾಕ ನಾನೂ ಕುಡುಗೋಲು ಮಸೆದಿಟ್ಟೀನಿ. ತಮ್ಮ ಆಫೀಸಿನ ಅಕ್ಷರ ನನಗೆ ಓದಾಕ ಬರೋದಿಲ್ಲ, ಮರೆತ ಅಕ್ಷರ ಈ ವರ್ಷ ಮತ್ತೆ ಕಲಿತ ಮಾಲಾನೇ ಓದಿ ಹೇಳಬೇಕು. ಆಕಿ ಲಾರಿ ಹತ್ತಿದ ಮೇಲೆ ಬಂದ ಕಾಗದ ಒಲೆಗೆ. ಮುಂದಿನ ತಿಂಗಳು ಹುಟ್ಟೋದರೊಳಗ ಉತ್ತರ ಬರೀರಿ.