ನಮ್ಮ ಮನೆಯನ್ನು ನಪಾಸು ಮಾಡಿದ ಮೇಲ್ವಿಚಾರಕಿಯವರಿಗೆ

ದಿಕ್ಕಿಲ್ಲದ ನಾಯಿಗಳ ಆಶ್ರಯಮನೆಯ ಮಾನ್ಯ ಮೇಲ್ವಿಚಾರಕಿಯವರೇ,

ತಾವೂ ತಮ್ಮ ಆಶ್ರಯದಲ್ಲಿರುವ ಸಮಸ್ತ ನಾಲ್ಕು ಕಾಲಿನವರೂ ಕ್ಷೇಮವೆಂದು ನಂಬಿ, ನನ್ನ ಮುಂಗೈ ಮೇಲಿದ್ದ ಹಲ್ಲಿನ ಗುರುತು ಈಗ ಮಾಸಿದೆಯೆಂಬ ಸಮಾಚಾರದೊಂದಿಗೆ ಈ ದೂರನ್ನು ಆರಂಭಿಸುತ್ತೇನೆ. ಆ ಹಲ್ಲು ತಮ್ಮ ಯಾವ ನಾಯಿಯದೂ ಅಲ್ಲ, ನನ್ನ ಮೂರು ವರ್ಷದ ಮಗಳದು ಎಂಬುದು ತಮಗೆ ಗೊತ್ತೇ ಇದೆ. ಉಳಿದವರಿಗೂ ಗೊತ್ತಾಗಲೆಂದು ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾವು ನಾಯಿ ಕೇಳಿಕೊಂಡು ಬಂದದ್ದು ಶೋಕಿಗಲ್ಲ. ನಾನು ಕಟ್ಟುಹಲ್ಲಿನ ಸೆಟ್ಟು ತಯಾರಿಸುವವನು. ನನ್ನ ಹೆಂಡತಿ ಬಸ್ಸು ಓಡಿಸುವವಳು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗಳನ್ನು ನೋಡಿಕೊಳ್ಳುವವರು ನಮ್ಮಮ್ಮ. ಮಗಳು ಒಂದು ಕಡೆ ನಿಂತವಳಲ್ಲವಾದ್ದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಬುಗುರಿ ಎನ್ನುತ್ತೇವೆ. ಈ ಬುಗುರಿಗೆ ಬೀದಿಯಲ್ಲಿ ಯಾವ ನಾಯಿ ಕಂಡರೂ ಅಜ್ಜಿಯ ಕೈ ಬಿಡಿಸಿಕೊಂಡು ಓಡಿ ಅದರ ಕುತ್ತಿಗೆ ತಬ್ಬಿಕೊಳ್ಳುವ ಖಯಾಲಿ. ಒಂದು ದಿನ ಕಸದ ತೊಟ್ಟಿಯ ಬಳಿ ಎಲುಬು ಕಡಿಯುತ್ತಿದ್ದ ನಾಯಿಯೊಂದನ್ನು ಹೀಗೇ ತಬ್ಬಿಕೊಂಡಳು. ಆ ನಾಯಿ ಬರೀ ಆಶ್ಚರ್ಯದಿಂದಲೇ ಕಚ್ಚುವುದನ್ನು ಮರೆತಿರಬೇಕು. ನಮ್ಮಮ್ಮ ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂತರು. ಮನೆಯಲ್ಲೇ ಒಂದು ನಾಯಿ ಇದ್ದರೆ ಬೀದಿಯ ನಾಯಿಗಳು ಬದುಕಿಕೊಳ್ಳುತ್ತವೆ ಎಂದು ಅಂದೇ ತೀರ್ಮಾನವಾಯಿತು.

ಎಂಥ ನಾಯಿ ಎಂಬುದನ್ನು ತೀರ್ಮಾನಿಸಿದವನು ನನ್ನ ಭಾವಮೈದ. ಅವನದು ಟೈರಿನ ಅಂಗಡಿ. ಜೀವಮಾನದಲ್ಲಿ ಒಂದು ನಾಯಿಗೂ ಅನ್ನ ಹಾಕಿದವನಲ್ಲ, ಆದರೆ ನಾಯಿಗಳ ಬಗ್ಗೆ ಫೋನಿನಲ್ಲಿ ಬರುವ ವಿಡಿಯೊ ಒಂದನ್ನೂ ಬಿಟ್ಟವನಲ್ಲ. "ಮಗು ಇರೋ ಮನೆಗೆ ಬಂಗಾರದ ಬಣ್ಣದ, ಉದ್ದ ಕೂದಲಿನ ನಾಯೀನೇ ಆಗ್ಬೇಕು ಭಾವ. ಅದು ಕಚ್ಚೋದೇ ಇಲ್ಲ. ಕಂಪನಿಯಿಂದಾನೇ ಹಾಗೆ ಬರುತ್ತೆ" ಎಂದು ಗ್ಯಾರಂಟಿ ಕೊಟ್ಟ. ಆ ಗ್ಯಾರಂಟಿಯನ್ನು ನಂಬಿ ನಾವೆಲ್ಲ ಒಗೆದ ಬಟ್ಟೆ ತೊಟ್ಟು ತಮ್ಮ ಬಾಗಿಲಿಗೆ ಬಂದೆವು.

ಮಾನ್ಯರೇ, ನಾವು ನಾಯಿ ನೋಡಲು ಬಂದವರು. ತಾವು ನಮ್ಮನ್ನೇ ನೋಡಲು ಕೂತಿರಿ. ಮನೆಯಲ್ಲಿ ಕೂಗಾಡುವವರು ಯಾರು, ಮಧ್ಯಾಹ್ನ ಮಗುವಿನ ಜೊತೆ ಇರುವವರು ಯಾರು, ಹೆದರುವವರು ಯಾರು ಎಂದೆಲ್ಲ ಕೇಳಿ, ಕೊನೆಗೆ "ಕಚ್ಚುತ್ತಾ?" ಎಂದಿರಿ. ತಾವು ಕೇಳಿದ್ದು ಮಗುವಿನ ವಿಚಾರ ಎಂದು ಅರ್ಥವಾಗಿ ನಾನು ನಗುವಷ್ಟರಲ್ಲಿ ಬುಗುರಿ ತಾನೇ ನನ್ನ ಮುಂಗೈ ಮೇಲೆ ಉತ್ತರ ಕೊಟ್ಟಿದ್ದಳು. ವೃತ್ತಿಯಿಂದ ಹೇಳುವುದಾದರೆ ಮೇಲಿನ ಸಾಲೂ ಕೆಳಗಿನ ಸಾಲೂ ಬಹಳ ಚೆನ್ನಾಗಿ ಕೂಡಿಕೊಂಡಿದ್ದವು.

ಆಮೇಲೆ ಬಂಗಾರದ ಬಣ್ಣದ ನಾಯಿ ಬಂತು. ಬುಗುರಿ ಅದರ ಬೆನ್ನೇರಿ, ಕಿವಿಯೊಳಗೆ ಬಿಸ್ಕತ್ತು ತುರುಕಿದಳು. ನಾಯಿ ತುಟಿ ನೆಕ್ಕಿಕೊಂಡು ದೊಡ್ಡದಾಗಿ ಆಕಳಿಸಿತು. "ನೋಡಿ ಭಾವ, ಎಷ್ಟು ಆರಾಮಾಗಿದೆ!" ಎಂದು ಭಾವಮೈದ ಫೋಟೊ ತೆಗೆದ. ತಾವು ಮಗುವನ್ನು ಎತ್ತಿ ನನ್ನ ಕೈಗಿತ್ತು, "ಅದು ನಿದ್ದೆ ಅಲ್ಲ ಸಾರ್, ಭಯ. ಬಿಟ್ಬಿಡಿ ಅಂತ ಕೇಳ್ಕೊಳ್ತಾ ಇದೆ" ಎಂದಿರಿ. ಹಾಗೆಂದು ನಾಯಿಯನ್ನು ಒಳಗೆ ಕಳಿಸಿ ನಮ್ಮ ಮನೆಯನ್ನು ನಪಾಸು ಮಾಡಿದಿರಿ. ಮಗು ಸ್ವಲ್ಪ ಕಲಿಯುವ ತನಕ ಭಾನುವಾರ ಭಾನುವಾರ ಬಂದು ಹೋಗಿ ಎಂದು ಅಪ್ಪಣೆಯಾಯಿತು. ನಾನು ಶಾಲೆಯಲ್ಲೂ ನಪಾಸಾದವನೇ, ಆದರೆ ಅಲ್ಲಿ ಕುಟುಂಬಸಮೇತ ಆಗಿರಲಿಲ್ಲ.

ಬಂದೆವು. ನಾಯಿಯೆದುರು ಮರದಂತೆ ನಿಲ್ಲುವ ಆಟವನ್ನು ಬುಗುರಿಗೆ ಕಲಿಸಿದಿರಿ: ಕೈ ಕೊಂಬೆಯಂತೆ ಇಳಿಬಿಡಬೇಕು, ನಾಯಿ ತಾನಾಗಿ ಬಂದು ಮೂಸುವ ತನಕ ಅಲ್ಲಾಡಬಾರದು. ನಾವು ಹೆತ್ತವರು ಬೇಡಿ, ಬೈದು, ಚಾಕಲೇಟು ಕೊಟ್ಟು ಒಂದು ಗಳಿಗೆಯೂ ನಿಲ್ಲಿಸಲಾಗದ ಮಗುವನ್ನು ತಾವು ಮರ ಮಾಡಿ ನಿಲ್ಲಿಸಿದ್ದನ್ನು ನಾವು ಹೇಗೆ ತಾನೇ ಕ್ಷಮಿಸಬೇಕು? ನನಗೂ ಪಾಠವಾಯಿತು. ನಾನು ಸಿಳ್ಳೆ ಹೊಡೆಯಬಾರದು, ಸುಮ್ಮಸುಮ್ಮನೆ ಕರೆಯಬಾರದು, ಒಂದೇ ಮಾತನ್ನು ಹತ್ತು ಸಲ ಹೇಳಬಾರದು ಎಂದು ತಾವು ಹೇಳುತ್ತಿದ್ದರೆ ನನ್ನ ಹೆಂಡತಿ ಇಷ್ಟು ವರ್ಷ ತಾನೇ ಹೇಳಿಕೊಂಡು ಬಂದದ್ದನ್ನು ಸರ್ಕಾರಿ ಮೊಹರು ಹಾಕಿ ಓದಿದಂತೆ ತಲೆದೂಗುತ್ತಿದ್ದಳು.

ನಮ್ಮಮ್ಮನಿಗೆ ನಾಯಿಯೆಂದರೆ ಜೀವಭಯ. ಪ್ರತಿಭಟನೆಗೆಂದೇ ಕೊಡೆ ಹಿಡಿದು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅವರ ಕಾಲ ಮೇಲೆ ಒಂದು ದಿನ ಕಪ್ಪು ಹೆಣ್ಣು ನಾಯಿಯೊಂದು ಬಂದು ಧೊಪ್ಪನೆ ಕೂತಿತು. ಮೂತಿ ನರೆತಿದೆ, ಒಂದು ಕಿವಿ ಜೋತಿದೆ, ಮಲಗಿದರೆ ಯಾರೋ ಇಳಿಸಿಹೋದ ಮೂಟೆಯಂತೆ ಕಾಣುತ್ತದೆ; ಅದಕ್ಕೇ ತಾವು ಗೋಣಿ ಎಂದು ಹೆಸರಿಟ್ಟಿದ್ದಿರಿ. ಬುಗುರಿ ಅದರೆದುರು ಮರವಾಗಿ ನಿಂತಳು. ಗೋಣಿ ಸಾವಕಾಶವಾಗಿ ಎದ್ದು, ಮರವನ್ನು ಬುಡದಿಂದ ಮೇಲಿನವರೆಗೆ ಮೂಸಿ, ಮತ್ತೆ ಅಮ್ಮನ ಕಾಲ ಮೇಲೆ ಕೂತಿತು. "ಇವಳನ್ನ ಕರ್ಕೊಂಡು ಹೋಗಿ ನೋಡಿ. ಹೊಂದದಿದ್ರೆ ವಾಪಸ್ ತನ್ನಿ" ಎಂದಿರಿ. ಈ ಮುದುಕಿಯಾ ಎಂದು ಭಾವಮೈದ ಮುಖ ಸಿಂಡರಿಸಿದ.

ಮಾನ್ಯರೇ, ಇನ್ನು ಹೇಳುವುದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತೇನೆ. ಗೋಣಿ ಬಂದ ಮೇಲೆ ಮನೆ ಚೆನ್ನಾಗಿಯೇ ಇತ್ತು. ನನಗೆ ರಜೆಯಿದ್ದ ಒಂದು ಮಧ್ಯಾಹ್ನ ಅಮ್ಮ ಸ್ನಾನಕ್ಕೆ ಹೋಗಿದ್ದರು. ನಾನು ಫೋನಿನಲ್ಲಿ ಭಾವಮೈದನ ಜೊತೆ ಮಾತಾಡುತ್ತಿದ್ದೆ. ಬುಗುರಿ ಹೋಗಿ ಗೋಣಿ ತಿನ್ನುತ್ತಿದ್ದ ಬಟ್ಟಲಿಗೆ ಎರಡೂ ಕೈ ಹಾಕಿದಳು. ಗೋಣಿ ಗಂಟಲಾಳದಿಂದ ಗುರ್ರೆಂದಿತು. ಆ ದನಿ ಫೋನಿನಾಚೆಗೂ ಕೇಳಿತು. "ಇವತ್ತು ಗುರ್ ಅಂದಿದೆ, ನಾಳೆ ಮುಖಕ್ಕೇ ಬಾಯಿ ಹಾಕುತ್ತೆ ಭಾವ, ಈಗ್ಲೇ ಬಿಟ್ಟು ಬನ್ನಿ!" ಎಂದು ಅವನು ಕಿರುಚಿದ. ಮಗುವಿನ ಕೆನ್ನೆ ಆ ಬಾಯಿಗೆ ಎಷ್ಟು ಹತ್ತಿರವಿತ್ತೆಂಬುದೊಂದೇ ಕಣ್ಣ ಮುಂದಿತ್ತು. ಗೋಣಿಯನ್ನು ಆಟೊದಲ್ಲಿ ಕೂರಿಸಿಕೊಂಡು ತಮ್ಮಲ್ಲಿಗೆ ಬಂದೆ. ತಾವು ಮೊದಲು ಕೇಳಿದ್ದು ಇಷ್ಟೇ: "ಕಚ್ಚಿದ್ಲಾ?" ಇಲ್ಲವೆಂದೆ. "ಬೇಡ ಅಂತ ಬಾಯಿಬಿಟ್ಟು ಹೇಳಿದ್ಲು. ಹೇಳದೇನೇ ಕಚ್ಚೋ ನಾಯಿ ಬೇಕಿತ್ತಾ ನಿಮಗೆ? ಆಗ ನೀವೆಲ್ಲಿದ್ರಿ?" ಎಂದಿರಿ. ಹಗ್ಗವನ್ನು ತಮ್ಮ ಕೈಗೆ ಕೊಟ್ಟು ಬಂದೆ. ಗೋಣಿ ನನ್ನ ಹಿಂದೆ ಬರಲಿಲ್ಲ. ಇಂಥದ್ದು ಅವಳಿಗೆ ಹೊಸದಾಗಿರಲಿಲ್ಲವೇನೋ.

ಮನೆಗೆ ಬಂದರೆ ಬುಗುರಿ ನಡುಮನೆಯಲ್ಲಿ ಖಾಲಿ ಬಟ್ಟಲಿನ ಮುಂದೆ ಮರವಾಗಿ ನಿಂತಿದ್ದಳು. ಕರೆದರೆ ತಿರುಗಲಿಲ್ಲ. ತಾನು ಸರಿಯಾಗಿ ನಿಂತರೆ ಗೋಣಿ ಬಂದು ಮೂಸುತ್ತದೆ ಎಂದು ಅವಳ ಲೆಕ್ಕ. ಡ್ಯೂಟಿ ಮುಗಿಸಿ ಬಂದ ಹೆಂಡತಿ ಎಲ್ಲ ಕೇಳಿಸಿಕೊಂಡು, "ರೀ, ನೀವು ತಿನ್ನೋವಾಗ ನಿಮ್ಮ ತಟ್ಟೆಗೆ ನಾನು ಕೈ ಹಾಕಿದ್ರೆ ನೀವೇನು ಹಾಡು ಹೇಳ್ತೀರಾ?" ಎಂದಳು. ನಾನು ಏನು ಮಾಡುತ್ತೇನೆಂಬುದು ಮನೆಮಂದಿಗೆಲ್ಲ ಗೊತ್ತು.

ಮರುದಿನ ಬೆಳಿಗ್ಗೆ ಅಮ್ಮ ಕೊಡೆ ಹಿಡಿದು, ಎಲ್ಲಿಗೆಂದು ಹೇಳದೆ ಹೊರಟರು. ಮಧ್ಯಾಹ್ನ ಬರುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗೋಣಿಯ ಹಗ್ಗ. "ಹೆದರಿಕೆ ನನ್ನದು. ಅದರ ಜೊತೆ ಹೇಗಿರ್ಬೇಕು ಅಂತ ನಾನು ನೋಡ್ಕೊಳ್ತೀನಿ. ಅದು ಊಟ ಮಾಡೋವಾಗ ಅಡುಗೆಮನೆ ಬಾಗಿಲು ಹಾಕಿರುತ್ತೆ. ಫೋನು ಹೊರಗಿರುತ್ತೆ" ಎಂದರು. ಅಷ್ಟು ದೃಢವಾಗಿ ನಮ್ಮಮ್ಮ ಮಾತಾಡಿದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಅಂದು ತಾವು ಅವರಿಗೆ ಕುಡಿಯಲು ಏನು ಕೊಟ್ಟಿರೆಂಬುದನ್ನು ದಯವಿಟ್ಟು ತಿಳಿಸಬೇಕು.

ಆದಕಾರಣ ನನ್ನ ದೂರುಗಳನ್ನು ತಾವು ಗಂಭೀರವಾಗಿ ಪರಿಗಣಿಸಬೇಕು. ಬುಗುರಿ ಈಗ ಬೀದಿನಾಯಿಗಳನ್ನು ತಬ್ಬುವುದಿಲ್ಲ. ಪ್ರತಿಯೊಂದು ನಾಯಿಯ ಮುಂದೆಯೂ ಮರವಾಗಿ ನಿಲ್ಲುವುದರಿಂದ ಹಾಲು ತರಲು ಹೋದವರು ಅದು ಮೊಸರಾಗುವ ಹೊತ್ತಿಗೆ ಮನೆ ಸೇರುತ್ತೇವೆ. ಬೇರೆಯವರು ನಾಯಿ ಮುಟ್ಟಹೋದರೆ "ಕೇಳಿ ಮುಟ್ಟು!" ಎಂದು ದೊಡ್ಡವರನ್ನೂ ಗದರುತ್ತಾಳೆ. ಮಗುವಿಗೆಂದು ತಂದ ನಾಯಿ ಹಗಲೂ ರಾತ್ರಿ ನಮ್ಮಮ್ಮನ ಮಂಚದ ಕೆಳಗಿದೆ, ಆಗಾಗ ಮಂಚದ ಮೇಲೂ ಇದೆ. ಮಾತಾಡಲು ಯಾರೂ ಸಿಗದ ಮಧ್ಯಾಹ್ನಗಳನ್ನು ಗೋಡೆ ನೋಡಿ ಕಳೆಯುತ್ತಿದ್ದ ಅಮ್ಮ ಈಗ ಗೋಣಿಗೆ ನನ್ನ ಬಾಲ್ಯದ ಕಥೆಗಳನ್ನು ಹೇಳುತ್ತಾರೆ. ನಾಯಿಯೊಂದು ನನ್ನ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡಿರುವುದು ಮನೆಯ ಯಜಮಾನನ ಘನತೆಗೆ ಶೋಭೆಯಲ್ಲವಾದ್ದರಿಂದ, ಕೇಳಿದ್ದನ್ನು ಮರೆಯುವ ತರಬೇತಿಯನ್ನು ತಾವು ಆದಷ್ಟು ಬೇಗ ಅವಳಿಗೆ ಕೊಡಿಸಬೇಕೆಂದು ಕೋರುತ್ತೇನೆ.

ತಮ್ಮ ಕೈಯಲ್ಲಿ ಅರ್ಧ ಪಳಗಿ ಇನ್ನರ್ಧ ಉಳಿದಿರುವ,
ತಮ್ಮ ವಿಶ್ವಾಸಿ,
ಬುಗುರಿಯ ಅಪ್ಪ

ತಾಜಾಕಲಂ: ಬರುವ ಭಾನುವಾರ ನನ್ನ ಭಾವಮೈದ ತನಗೂ ಒಂದು ನಾಯಿ ಬೇಕೆಂದು ತಮ್ಮಲ್ಲಿಗೆ ಬರುವವನಿದ್ದಾನೆ. ಅವನಿಗೆ ಮಕ್ಕಳಿಲ್ಲವೆಂದು ತಾವು ಪ್ರಶ್ನೆಗಳಲ್ಲಿ ರಿಯಾಯಿತಿ ತೋರಿಸಬಾರದು. ಅವನ ಪರೀಕ್ಷೆ ನೋಡಲು ನಾವು ಮನೆಮಂದಿಯೆಲ್ಲ ಬರುತ್ತಿದ್ದೇವೆ. ಅಮ್ಮ ಬೆಂಚಿನಲ್ಲಿ ಮುಂದಿನ ಜಾಗ ಹಿಡಿದಿಡಲು ಹೇಳಿದ್ದಾರೆ.