ಕಾಕಾನ ಇಂಗ್ಲಿಷು, ನನ್ನ ಪೇಢೆ

ನಮ್ಮ ಕಾಕಾನ ಎದುರು ಇಂಗ್ಲಿಷ್ ಮಾತಾಡುವುದಕ್ಕಿಂತ ಪೊಲೀಸರ ಎದುರು ಹೆಲ್ಮೆಟ್ಟಿಲ್ಲದೆ ಗಾಡಿ ಓಡಿಸುವುದು ಸುರಕ್ಷಿತ! ಪೊಲೀಸರು ದಂಡ ಹಾಕಿ ಬಿಟ್ಟುಬಿಡುತ್ತಾರೆ. ಕಾಕಾ ಬಿಡುತ್ತಾನೆಯೇ?

ಓದಿದ್ದು ಹತ್ತನೇ ಇಯತ್ತೆ, ಮನೆ ತಿಕೋಟಾದಲ್ಲಿ, ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಗಿರಾಕಿ ಬೇರಿಂಗ್ ಕೇಳಿದರೆ, ಒಂದೇ ಥರ ಕಾಣುವ ಎರಡನ್ನು ಪಕ್ಕಪಕ್ಕ ಇಟ್ಟು, ಕೂದಲೆಳೆಯಷ್ಟು ಫರಕು ತೋರಿಸಿಯೇ ಕೊಡುವವನು. ಇಂಗ್ಲಿಷ್ ನುಡಿಗಟ್ಟುಗಳನ್ನೂ ಹಾಗೇ ಜೋಡಿ ಜೋಡಿಯಾಗಿ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ರೊಟ್ಟಿ ಬಡಿಯುತ್ತ "ಹಂಗಂದ್ರೇನ್ರಿ?" ಎಂದು ಕೇಳುವ ಕಾಕಿಯೇ ಅವನ ಖಾಯಂ ವಿದ್ಯಾರ್ಥಿನಿ.

ನಾನೋ, ಫೇಸ್‌ಬುಕ್ಕಿನಲ್ಲಿ ದಿನಕ್ಕೊಂದು ಕಥೆ ಬರೆಯುವ ಮಹಾ ಬುದ್ಧಿವಂತೆ! ಪಕ್ಕದ ಮನೆಯವರ ಬೈಕ್ ಕಳವಾದಾಗ, ಹುಡುಕಲು ನೆರವಾದೆ ಎಂದು ಜಂಬ ಕೊಚ್ಚಲು 'ಐ ಹ್ಯಾಡ್ ಎ ಹ್ಯಾಂಡ್ ಇನ್ ಇಟ್' ಎಂದು ಬರೆದೆ. ಐದೇ ನಿಮಿಷಕ್ಕೆ ಕಾಕಾನ ಫೋನು.

"ಯವ್ವಾ, ಗಾಡಿ ಎಲ್ಲಿ ಇಟ್ಟೀ?"

"ಯಾ ಗಾಡಿ ಕಾಕಾ?"

"ಕದ್ದದ್ದು! ಲೆಂಡ್ ಎ ಹ್ಯಾಂಡ್ ಅಂದ್ರ ಕೈ ಜೋಡಿಸೂದು. ನೀ ಬರದದ್ದು, ಕಳವಿನ್ಯಾಗ ನಿಂದೂ ಕೈವಾಡ ಐತಿ ಅಂತ!"

ಅಷ್ಟರಲ್ಲಿ ನಲವತ್ತು ಜನ ಲೈಕ್ ಒತ್ತಿದ್ದರು. ಬೈಕ್ ಕಳೆದುಕೊಂಡವರೂ!

ಹೋದ ವರ್ಷ ಕಾಕಿಗೆ ನ್ಯುಮೋನಿಯಾ ಆಗಿ ವಿಜಯಪುರದ ಆಸ್ಪತ್ರೆಯಲ್ಲಿ ಐಸಿಯು ಸೇರಿದಳು. ನಾಲ್ಕನೇ ದಿನ ಡಾಕ್ಟರ್ ಹೊರಬಂದು "ಶಿ ಈಸ್ ಆನ್ ದ ಮೆಂಡ್" ಎಂದರು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಪೇಢೆ ತಂದು, ವಾಚ್‌ಮನ್‌ನಿಂದ ಹಿಡಿದು ನರ್ಸಮ್ಮನವರೆಗೆ ಹಂಚಿದೆ. ಕಾಕಾ ಮಾತ್ರ ತನ್ನ ಪೇಢೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ.

"ತಿನ್ನು ಕಾಕಾ, ಕಾಕಿ ಆರಾಮಾದಳಲ್ಲ!"

"ಆನ್ ದ ಮೆಂಡ್ ಅಂದ್ರ ಆರಾಮ ಆಗಾಕತ್ತಾಳ. ಔಟ್ ಆಫ್ ದ ವುಡ್ಸ್ ಅಂದ್ರ ಅಪಾಯದ ಅಡವಿ ದಾಟ್ಯಾಳ. ಡಾಕ್ಟ್ರು ಇನ್ನೂ ಅದನ್ನ ಅಂದಿಲ್ಲ ಯವ್ವಾ."

ಆ ಸಂಜೆಯೇ ಜ್ವರ ಮತ್ತೆ ಏರಿತು. ಪೇಢೆ ತಿಂದವರೆಲ್ಲ ನನ್ನ ಮುಖ ನೋಡುತ್ತಿದ್ದರು, ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಮುಂದೆ ಮೂರು ದಿನ, ಡಾಕ್ಟರ್ ಹೊರಬಂದಾಗಲೆಲ್ಲ ಕಾಕಾ ಎದ್ದು ನಿಂತು ಕೇಳಿದ್ದು ಒಂದೇ. "ಔಟ್ ಆಫ್ ದ ವುಡ್ಸ್ ಏನ್ರಿ ಸರ?" ಅವರು ಇಲ್ಲವೆಂದು ತಲೆಯಾಡಿಸಿ ಹೋಗುತ್ತಿದ್ದರು. ನಾಲ್ಕನೇ ದಿನ ನಮ್ಮನ್ನು ಒಳಗೆ ಕರೆದು, ಕಾಕಿಯ ಮಂಚದ ಪಕ್ಕವೇ ನಿಂತು, ಕಾಕಾ ಕೇಳುವ ಮೊದಲೇ ಡಾಕ್ಟರ್ ನಕ್ಕರು: "ಎಸ್, ಔಟ್ ಆಫ್ ದ ವುಡ್ಸ್!"

ಅವರು ಅತ್ತ ಹೋದ ಮೇಲೆ ಕಾಕಿ ಸಣ್ಣ ದನಿಯಲ್ಲಿ ಕೇಳಿದಳು. "ಹಂಗಂದ್ರೇನ್ರಿ?"

ಶುರುವಾಯಿತು ಪಾಠ ಎಂದುಕೊಂಡೆ. ಕಾಕಾ ಜೇಬಿನಿಂದ ಕಲ್ಲಾಗಿದ್ದ ಪೇಢೆ ತೆಗೆದು ಮುರಿಯಲು ಒದ್ದಾಡುತ್ತಿದ್ದ. ಕಣ್ಣು ತುಂಬಿದ್ದವು.

"ಮನಿಗೆ ಹೋಗೂಣು ಅಂತ," ಎಂದ.